ವಿಕ್ಟೋರಿಯಾ ಯುಗದ ಚಿತ್ರಕಾರರು ಕಂಡ ರೋಮ್



ಪ್ರಾಚೀನ ರೋಮ್ ಎಂದೊಡನೆ ನಿಮ್ಮ ಕಣ್ಣೆದುರು ಏನು ಮೂಡುತ್ತದೆ? ಹಾಲುಬಿಳುಪಿನ ಅಮೃತಶಿಲೆಯ ಕಂಬಗಳು, ನುಣುಪಾದ ಮೆಟ್ಟಿಲುಗಳು, ದೂರದಲ್ಲಿ ನೀಲಿ ಸಮುದ್ರ, ಸಡಿಲವಾದ ನಿಲುವಂಗಿ ತೊಟ್ಟು ಒರಗಿ ಕುಳಿತ ಸ್ತ್ರೀಪುರುಷರು, ಅಲ್ಲಲ್ಲಿ ಹೂಮಾಲೆಗಳು. ಎರಡು ಸಾವಿರ ವರ್ಷಗಳ ಹಿಂದಿನ ರೋಮನ್ನು ನೋಡಿ ಬಂದವರು ಯಾರೂ ಇಲ್ಲ. ಹಾಗಿದ್ದರೆ ಈ ದೃಶ್ಯ ನಿಮ್ಮ ಮನಸ್ಸಿಗೆ ಬಂದದ್ದು ಎಲ್ಲಿಂದ? ಯಾವುದೋ ಸಿನಿಮಾದಿಂದ ಅಥವಾ ಪುಸ್ತಕವೊಂದರ ಚಿತ್ರದಿಂದ ಬಂದಿರಬಹುದು. ಆ ಸಿನಿಮಾದವರಿಗೆ ಅದು ಎಲ್ಲಿಂದ ಸಿಕ್ಕಿತು ಎಂದು ಹುಡುಕುತ್ತ ಹೋದರೆ, ನಾವು ಬಂದು ನಿಲ್ಲುವುದು ರೋಮಿನಲ್ಲಲ್ಲ, 19ನೆಯ ಶತಮಾನದ ಲಂಡನ್ನಿನ ಕೆಲವು ಚಿತ್ರಶಾಲೆಗಳ ಬಾಗಿಲಲ್ಲಿ.

ಈ ಮಾತುಗಳಲ್ಲಿ ನಾವು ಆ ಚಿತ್ರಶಾಲೆಗಳ ಒಳಗೆ ಇಣುಕಿ ನೋಡೋಣ. ಚಿತ್ರಗಳ ಅಂದವನ್ನು ಸವಿಯುವುದು ಒಂದು ಕೆಲಸ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳೋಣ. ಒಂದು ಚಿತ್ರದಲ್ಲಿರುವ ಕಲ್ಲು, ಪಾತ್ರೆ, ಬಟ್ಟೆ ಎಲ್ಲವೂ ಸಾಕ್ಷ್ಯಕ್ಕೆ ಸರಿಯಾಗಿ ಇದ್ದರೆ ಆ ಚಿತ್ರ ಹೇಳುವ ಬದುಕೂ ನಿಜವಾಗುತ್ತದೆಯೇ?

ವಿಕ್ಟೋರಿಯಾ ರಾಣಿ ಇಂಗ್ಲೆಂಡನ್ನು ಆಳಿದ್ದು 1837ರಿಂದ 1901ರವರೆಗೆ. ಆ ಕಾಲದಲ್ಲಿ ಗ್ರೀಸ್ ಮತ್ತು ರೋಮ್ ಇಂಗ್ಲಿಷ್ ಮೇಲ್ವರ್ಗದವರಿಗೆ ಪರದೇಶಗಳಾಗಿರಲಿಲ್ಲ. ಅವರ ಗಂಡುಮಕ್ಕಳು ಶಾಲೆಯಲ್ಲಿ ಲ್ಯಾಟಿನ್ ಮತ್ತು ಗ್ರೀಕ್ ಭಾಷೆಗಳನ್ನು ಬಾಯಿಪಾಠ ಮಾಡಿ ಬೆಳೆದವರು. ಅಥೆನ್ಸ್‌ನ ಪಾರ್ಥೆನಾನ್ ದೇಗುಲದಿಂದ ಎಲ್ಗಿನ್ ಪ್ರಭು ತೆಗೆಸಿ ತಂದ ಶಿಲ್ಪಗಳನ್ನು 1816ರಲ್ಲಿ ಬ್ರಿಟಿಷ್ ಸರ್ಕಾರ ಕೊಂಡು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಇರಿಸಿತ್ತು. ತಾವು ಕಟ್ಟುತ್ತಿದ್ದ ಸಾಮ್ರಾಜ್ಯವನ್ನು ರೋಮನ್ ಸಾಮ್ರಾಜ್ಯದೊಂದಿಗೆ ಹೋಲಿಸಿ ನೋಡುವುದು ಅವರಿಗೆ ರೂಢಿಯಾಗಿತ್ತು. ಆ ಸಾಮ್ರಾಜ್ಯದಲ್ಲಿ ನಮ್ಮ ದೇಶವೂ ಸೇರಿತ್ತು ಎಂಬುದನ್ನು ನೆನಪಿನಲ್ಲಿಡಿ.

ಇದರ ಜೊತೆಗೆ ಪಾಂಪೆಯ ಸುದ್ದಿ ಇತ್ತು. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಇಟಲಿಯ ಪಾಂಪೆ ಮತ್ತು ಹರ್ಕ್ಯುಲೇನಿಯಮ್ ಪಟ್ಟಣಗಳು ಬೂದಿಯಲ್ಲಿ ಹೂತುಹೋದ ಕಥೆ ನಿಮಗೆ ಗೊತ್ತು. 1738ರಲ್ಲಿ ಹರ್ಕ್ಯುಲೇನಿಯಮ್‌ನಲ್ಲಿ, 1748ರಲ್ಲಿ ಪಾಂಪೆಯಲ್ಲಿ ಉತ್ಖನನ ಮೊದಲಾಯಿತು. ಸುಟ್ಟು ಕರಿಕಾದ ರೊಟ್ಟಿ, ಅಡಿಗೆಯ ಪಾತ್ರೆ, ದೀಪ, ಕನ್ನಡಿ, ಗೋಡೆಯ ಮೇಲೆ ಯಾರೋ ಗೀಚಿದ ಬರಹ ಎಲ್ಲವೂ ಹೊರಬಂದವು. 1863ರಲ್ಲಿ ಜುಸೆಪ್ಪೆ ಫಿಯೊರೆಲ್ಲಿ ಎಂಬ ಪುರಾತತ್ತ್ವಜ್ಞ ಒಂದು ಹೊಸ ಉಪಾಯ ಮಾಡಿದ. ಗಟ್ಟಿಯಾದ ಬೂದಿಯ ನಡುವೆ ದೇಹಗಳು ಕರಗಿ ಉಳಿದಿದ್ದ ಪೊಳ್ಳುಗಳಿಗೆ ಪ್ಲಾಸ್ಟರ್ ಎರೆದು, ಸತ್ತವರ ಕೊನೆಯ ಗಳಿಗೆಯ ಭಂಗಿಗಳನ್ನೇ ಮತ್ತೆ ಎಬ್ಬಿಸಿದ. ಅಲ್ಲಿಯವರೆಗೆ ಇತಿಹಾಸವೆಂದರೆ ಸೀಸರ್, ಬ್ರೂಟಸ್, ಯುದ್ಧ, ವಿಜಯ ಎಂದುಕೊಂಡಿದ್ದ ಜನರಿಗೆ, ಆ ಕಾಲದ ಸಾಮಾನ್ಯ ಮನುಷ್ಯ ಬೆಳಗ್ಗೆ ಎದ್ದು ಏನು ಮಾಡುತ್ತಿದ್ದ ಎಂಬ ಕುತೂಹಲ ಹುಟ್ಟಿತು.

ಈ ಕುತೂಹಲವನ್ನು ಬಣ್ಣದಲ್ಲಿ ತಣಿಸಿದವರಲ್ಲಿ ಫ್ರೆಡರಿಕ್ ಲೇಟನ್, ಎಡ್ವರ್ಡ್ ಪಾಯಿಂಟರ್, ಆಲ್ಬರ್ಟ್ ಮೂರ್, ಜಾನ್ ವಿಲಿಯಮ್ ಗಾಡ್‌ವರ್ಡ್ ಮೊದಲಾದವರ ಹೆಸರು ಬರುತ್ತದೆ. ಆದರೆ ದಿನನಿತ್ಯದ ಬದುಕನ್ನೇ ತನ್ನ ವಿಷಯವನ್ನಾಗಿ ಮಾಡಿಕೊಂಡು, ಎಲ್ಲರಿಗಿಂತ ಹೆಚ್ಚು ಹೆಸರು ಮತ್ತು ಹಣ ಗಳಿಸಿದವನು ಲಾರೆನ್ಸ್ ಆಲ್ಮಾ-ಟಾಡೆಮಾ.

ಈತ ಹುಟ್ಟಿನಿಂದ ಇಂಗ್ಲಿಷಿನವನಲ್ಲ. 1836ರ ಜನವರಿ 8ರಂದು ನೆದರ್‌ಲ್ಯಾಂಡ್ಸ್ ದೇಶದ ಡ್ರೋನ್‌ರೈಪ್ ಎಂಬ ಹಳ್ಳಿಯಲ್ಲಿ ಹುಟ್ಟಿದ. ತಂದೆ ದಸ್ತಾವೇಜುಗಳನ್ನು ಬರೆಯುವ ನೋಟರಿ. ಮಗ ನಾಲ್ಕು ವರ್ಷದವನಿದ್ದಾಗಲೇ ತಂದೆ ತೀರಿಕೊಂಡ. ಹುಡುಗ ವಕೀಲನಾಗಬೇಕೆಂಬುದು ಮನೆಯವರ ಆಸೆ. ಆದರೆ 15ನೆಯ ವಯಸ್ಸಿನಲ್ಲಿ ಅವನ ಆರೋಗ್ಯ ಕುಸಿಯಿತು. ಕ್ಷಯ ತಗಲಿದೆ, ಹೆಚ್ಚು ದಿನ ಬದುಕುವುದಿಲ್ಲ ಎಂದರು ವೈದ್ಯರು. ಉಳಿದ ದಿನಗಳನ್ನಾದರೂ ಇಷ್ಟ ಬಂದಂತೆ ಕಳೆಯಲಿ ಎಂದು ಮನೆಯವರು ಚಿತ್ರ ಬರೆಯಲು ಬಿಟ್ಟರು. ಹುಡುಗ ಚೇತರಿಸಿಕೊಂಡ. 76 ವರ್ಷ ಬದುಕಿದ!

1852ರಲ್ಲಿ ಆತ ಬೆಲ್ಜಿಯಮ್ಮಿನ ಆಂಟ್‌ವರ್ಪ್ ಕಲಾ ಅಕಾಡೆಮಿಯನ್ನು ಸೇರಿದ. ಆಮೇಲೆ ಹೆಂಡ್ರಿಕ್ ಲೇಯ್ಸ್ ಎಂಬ ಹಿರಿಯ ಚಿತ್ರಕಾರನ ಬಳಿ ಕೆಲಸ ಮಾಡಿದ. 1861ರಲ್ಲಿ ಆತ ಬರೆದ ಚಿತ್ರವೊಂದರ ಅಮೃತಶಿಲೆಯನ್ನು ನೋಡಿ, ಇದು ಕಲ್ಲಿನಂತಿಲ್ಲ, ಚೀಸ್‌ನಂತಿದೆ ಎಂದು ಲೇಯ್ಸ್ ಟೀಕಿಸಿದನಂತೆ. ಶಿಷ್ಯ ಆ ಮಾತನ್ನು ಮನಸ್ಸಿಗೆ ತೆಗೆದುಕೊಂಡ. ಅಮೃತಶಿಲೆಯ ನರಗಳು, ಬಿಸಿಲಿನಲ್ಲಿ ಅದರ ಹೊಳಪು, ನೆರಳಿನಲ್ಲಿ ಅದರ ತಣ್ಣನೆಯ ನೀಲಿ, ಅಂಚಿನಲ್ಲಿ ಬೆಳಕು ಒಳಗೆ ಇಳಿದಂತೆ ಕಾಣುವ ಮೆದು, ಇವನ್ನೆಲ್ಲ ವರ್ಷಗಟ್ಟಲೆ ಅಭ್ಯಾಸ ಮಾಡಿದ. ಮುಂದೆ ಅಮೃತಶಿಲೆಯನ್ನು ಬರೆಯುವುದರಲ್ಲಿ ಅವನಿಗೆ ಸಮಾನರೇ ಇಲ್ಲ ಎನ್ನುವಷ್ಟು ಪರಿಣತನಾದ. ಒಂದು ಕಟುಮಾತನ್ನು ಹೇಗೆ ಬಳಸಿಕೊಳ್ಳಬಹುದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

1863ರಲ್ಲಿ ಆತನ ಮದುವೆಯಾಯಿತು. ನವದಂಪತಿಗಳು ಇಟಲಿಗೆ ಪ್ರವಾಸ ಹೊರಟು ಫ್ಲಾರೆನ್ಸ್, ರೋಮ್, ನೇಪಲ್ಸ್ ನೋಡಿ ಪಾಂಪೆಗೆ ಬಂದರು. ಫಿಯೊರೆಲ್ಲಿ ಅಲ್ಲಿ ಕೆಲಸ ನಡೆಸುತ್ತಿದ್ದ ಕಾಲವೇ ಅದು. ಮಧ್ಯಯುಗದ ಕಥೆಗಳನ್ನು ಬರೆಯುತ್ತಿದ್ದ ಯುವಕ ಅಲ್ಲಿ ಅಳತೆಪಟ್ಟಿ ಹಿಡಿದು ಬಾಗಿಲು, ಕಂಬ, ನೆಲಹಾಸುಗಳನ್ನು ಅಳೆಯತೊಡಗಿದ. ಅಂದಿನಿಂದ ಗ್ರೀಸ್ ಮತ್ತು ರೋಮ್‌ಗಳೇ ಅವನ ಜಗತ್ತಾದವು. 1869ರಲ್ಲಿ ಮೊದಲ ಪತ್ನಿ ಸಿಡುಬಿನಿಂದ ತೀರಿಕೊಂಡಳು. 1870ರಲ್ಲಿ ಆತ ಇಬ್ಬರು ಹೆಣ್ಣುಮಕ್ಕಳೊಂದಿಗೆ ಲಂಡನ್ನಿಗೆ ಬಂದು ನೆಲೆಸಿ, ಮರುವರ್ಷ ಲಾರಾ ಎಪ್ಸ್ ಎಂಬ ಚಿತ್ರಕಲಾವಿದೆಯನ್ನು ಮದುವೆಯಾದ.

ಈತನ ವ್ಯವಹಾರಜ್ಞಾನದ ಬಗ್ಗೆಯೂ ಒಂದು ಮಾತು. ‘ಆಲ್ಮಾ’ ಎಂಬುದು ಅವನ ನಡುವಿನ ಹೆಸರು. ಅದನ್ನು ಮನೆತನದ ಹೆಸರಿಗೆ ಸೇರಿಸಿಕೊಂಡರೆ ಪ್ರದರ್ಶನಗಳ ಪಟ್ಟಿಯಲ್ಲಿ ತನ್ನ ಹೆಸರು ‘ಟಿ’ ಅಕ್ಷರದ ಕೆಳಗೆ ಹಿಂದೆ ಬೀಳದೆ ‘ಎ’ ಅಕ್ಷರದಲ್ಲೇ ಮೊದಲಿಗೆ ಬರುತ್ತದೆ ಎಂದು ಆತ ಹಾಗೆ ಮಾಡಿಕೊಂಡನಂತೆ. ಖೋಟಾ ಚಿತ್ರಗಳು ಹುಟ್ಟಿಕೊಳ್ಳದಂತೆ ಪ್ರತಿಯೊಂದು ಚಿತ್ರಕ್ಕೂ ರೋಮನ್ ಅಂಕಿಯಲ್ಲಿ ಕ್ರಮಸಂಖ್ಯೆ ಹಾಕುತ್ತಿದ್ದ. 1912ರಲ್ಲಿ, ಸಾಯುವುದಕ್ಕೆ ಸ್ವಲ್ಪ ಮೊದಲು ಮುಗಿಸಿದ ಕೊನೆಯ ಚಿತ್ರದ ಸಂಖ್ಯೆ 408.

ಆತನ ಕೆಲಸದ ರೀತಿ ಒಬ್ಬ ವಿದ್ವಾಂಸನ ಹಾಗಿತ್ತು. ಪ್ರಾಚೀನ ಕಟ್ಟಡಗಳು, ಶಾಸನಗಳು, ಪಾತ್ರೆಪಡಗಗಳು ಇವುಗಳ ಸುಮಾರು ಐದು ಸಾವಿರ ಛಾಯಾಚಿತ್ರಗಳನ್ನೂ ರೇಖಾಚಿತ್ರಗಳನ್ನೂ ಆತ ವಿಷಯವಾರು ಜೋಡಿಸಿಟ್ಟಿದ್ದ. ಆ ಸಂಗ್ರಹ ಇಂದು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿದೆ. ಲಂಡನ್ನಿನ ಗ್ರೋವ್ ಎಂಡ್ ರಸ್ತೆಯ ಅವನ ಮನೆಯಲ್ಲಿ ಚಿತ್ರಶಾಲೆಯ ಗುಮ್ಮಟದ ಒಳಮೈಗೆ ಅಲ್ಯುಮಿನಿಯಮ್ ಬಣ್ಣ ಬಳಿಸಿದ್ದ. ಲಂಡನ್ನಿನ ಮಂಕು ಬೆಳಕು ಅದಕ್ಕೆ ಬಡಿದು ಬೆಳ್ಳಿಯಂತೆ ಕೆಳಗಿಳಿಯುತ್ತಿತ್ತು. ಇಟಲಿಯ ಬಿಸಿಲು ಎಂದು ನಾವು ಆ ಚಿತ್ರಗಳಲ್ಲಿ ನೋಡುವುದರಲ್ಲಿ ಈ ಗುಮ್ಮಟದ ಪಾಲೂ ಉಂಟು.

ಈಗ ಕೆಲವು ಚಿತ್ರಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು 1868ರ ‘ಪಾರ್ಥೆನಾನ್ ಶಿಲ್ಪಪಟ್ಟಿಕೆಯನ್ನು ಗೆಳೆಯರಿಗೆ ತೋರಿಸುತ್ತಿರುವ ಫಿಡಿಯಾಸ್’. ಇದು ಈಗ ಬರ್ಮಿಂಗ್‌ಹ್ಯಾಮ್ ನಗರದ ಕಲಾ ಸಂಗ್ರಹಾಲಯದಲ್ಲಿದೆ. ದೇಗುಲದ ಗೋಡೆಯ ಮೇಲ್ಭಾಗದಲ್ಲಿ ಮರದ ಸಾರುವೆ ಕಟ್ಟಿದ್ದಾರೆ. ಕೆಳಗಿನಿಂದ ನೋಡಿದರೆ ಕಾಣದಷ್ಟು ಎತ್ತರದಲ್ಲಿರುವ ಆ ಶಿಲ್ಪಪಟ್ಟಿಕೆ ನಮ್ಮ ಕಣ್ಣಿನ ಮಟ್ಟಕ್ಕೇ ಬಂದಿದೆ. ಮೆರವಣಿಗೆಯ ಕುದುರೆಗಳು, ಸವಾರರು. ಆದರೆ ಇವು ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿರುವಂತೆ ಬರಿ ಕಲ್ಲಿನ ಬಣ್ಣದಲ್ಲಿಲ್ಲ. ಹಿನ್ನೆಲೆಗೆ ನೀಲಿ, ಮೈಗೆ ಕಂದು, ಹೀಗೆ ಬಣ್ಣ ಹಚ್ಚಿದೆ. ಗ್ರೀಕರು ತಮ್ಮ ಶಿಲ್ಪಗಳಿಗೆ ಬಣ್ಣ ಹಚ್ಚುತ್ತಿದ್ದರು ಎಂಬುದು ಇಂದು ಒಪ್ಪಿತವಾದ ಸಂಗತಿ. ಆ ಕಾಲದಲ್ಲಿ ಅದು ಬಿಸಿಬಿಸಿ ವಾದದ ವಿಷಯ. ಗ್ರೀಕ್ ಶಿಲ್ಪವೆಂದರೆ ಶುಭ್ರ ಬಿಳುಪು ಎಂದು ನಂಬಿದ್ದವರ ನಡುವೆ ಯುವ ಚಿತ್ರಕಾರನೊಬ್ಬ ಸಾಕ್ಷ್ಯದ ಕಡೆಗೆ ನಿಂತ. ಇದನ್ನು ನಾವು ಮೆಚ್ಚಬೇಕು.

ಈಗ ಅದೇ ಚಿತ್ರದಲ್ಲಿರುವ ಮನುಷ್ಯರನ್ನು ಗಮನಿಸಿ. ಶಿಲ್ಪಿ ಫಿಡಿಯಾಸ್ ನಡುವೆ ನಿಂತಿದ್ದಾನೆ. ಅವನ ಮುಂದೆ ಅತಿಥಿಗಳು ಹತ್ತಿರ ಬಾರದಂತೆ ಒಂದು ಹಗ್ಗ ಕಟ್ಟಿದೆ. ಪೆರಿಕ್ಲೀಸ್, ಆಸ್ಪೇಸಿಯಾ ಮೊದಲಾದ ಗಣ್ಯರು ಬಂದು ನೋಡುತ್ತಿದ್ದಾರೆ. ಇದು ಯಾವ ಸಮಾರಂಭ? ಲಂಡನ್ನಿನ ಚಿತ್ರಪ್ರದರ್ಶನಗಳಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆಯುವ ಮುಂಚೆ ಗಣ್ಯರಿಗಾಗಿ ಒಂದು ದಿನ ಮೀಸಲಿಡುವ ಪದ್ಧತಿ ಇತ್ತು. ಅದೇ ಇಲ್ಲಿ ಎರಡು ಸಾವಿರದ ಮುನ್ನೂರು ವರ್ಷ ಹಿಂದಕ್ಕೆ ಹೋಗಿ ಅಥೆನ್ಸ್‌ನಲ್ಲಿ ನಡೆಯುತ್ತಿದೆ! ಶಿಲ್ಪದ ಬಣ್ಣ ಗ್ರೀಸಿನದು, ನಡವಳಿಕೆ ಲಂಡನ್ನಿನದು.

ಎರಡನೆಯದು 1874ರ ‘ಶಿಲ್ಪಶಾಲೆ’. ರೋಮಿನ ಒಂದು ಅಂಗಡಿಗೆ ಶಿಲ್ಪಗಳನ್ನು ಕೊಳ್ಳಲು ಸ್ಥಿತಿವಂತರ ಕುಟುಂಬವೊಂದು ಬಂದಿದೆ. ಕಲ್ಲಿನ ದೊಡ್ಡ ಪಾತ್ರೆಯೊಂದನ್ನು ಕೆಲಸದಾಳು ತಿರುಗಿಸಿ ತೋರಿಸುತ್ತಿದ್ದಾನೆ. ಕುಳಿತು ನೋಡುತ್ತಿರುವ ರೋಮನ್ನರು ಯಾರು ಗೊತ್ತೆ? ಚಿತ್ರಕಾರ, ಅವನ ಹೆಂಡತಿ, ಅವನ ಮಕ್ಕಳು. ಇದಕ್ಕೆ ಜೋಡಿಯಾಗಿ ಬರೆದ ‘ಚಿತ್ರಶಾಲೆ’ ಎಂಬ ಇನ್ನೊಂದರಲ್ಲಿ ಅವನ ಚಿತ್ರಗಳನ್ನು ಮಾರಿಕೊಡುತ್ತಿದ್ದ ವ್ಯಾಪಾರಿ ಅರ್ನೆಸ್ಟ್ ಗ್ಯಾಂಬಾರ್ಟ್ ರೋಮನ್ ಉಡುಪಿನಲ್ಲಿ ನಿಂತಿದ್ದಾನೆ. ಇಲ್ಲಿ ಮುಚ್ಚುಮರೆಯೇನೂ ಇಲ್ಲ. ರೋಮನ್ನರೂ ನಮ್ಮ ಹಾಗೆಯೇ, ನಾವೂ ಅವರ ಹಾಗೆಯೇ ಎಂಬುದು ಚಿತ್ರಕಾರನ ಮಾತು. ಅದನ್ನು ಕೇಳಲು ಕೊಳ್ಳುವವರಿಗೂ ಬಹಳ ಇಷ್ಟ.

ಮೂರನೆಯದು 1881ರ ‘ಸ್ಯಾಫೊ ಮತ್ತು ಅಲ್ಕೀಯಸ್’. ಅಮೆರಿಕದ ಬಾಲ್ಟಿಮೋರ್ ನಗರದ ವಾಲ್ಟರ್ಸ್ ಸಂಗ್ರಹಾಲಯದಲ್ಲಿದೆ. ಸಮುದ್ರದ ಕಡೆಗೆ ತೆರೆದ ಅಮೃತಶಿಲೆಯ ಆಸನಗಳಲ್ಲಿ ಕುಳಿತು ಕವಯಿತ್ರಿ ಸ್ಯಾಫೊ, ಅಲ್ಕೀಯಸ್ ಕವಿಯ ವೀಣಾವಾದನ ಕೇಳುತ್ತಿದ್ದಾಳೆ. ಆ ಆಸನಗಳು ಕಲ್ಪನೆಯವಲ್ಲ. ಅಥೆನ್ಸ್‌ನ ಡಯೊನೈಸಸ್ ರಂಗಮಂದಿರದಲ್ಲಿರುವ ಆಸನಗಳ ತದ್ರೂಪು. ಅಲ್ಲಿನ ಆಸನಗಳ ಮೇಲೆ ಅಧಿಕಾರಿಗಳ ಹೆಸರು ಕೆತ್ತಿದೆ, ಇಲ್ಲಿ ಆ ಜಾಗದಲ್ಲಿ ಸ್ಯಾಫೊಳ ಗೆಳತಿಯರ ಹೆಸರುಗಳಿವೆ. ಆದರೆ ಸ್ಯಾಫೊ ಬದುಕಿದ್ದದ್ದು ಕ್ರಿಸ್ತಪೂರ್ವ 600ರ ಆಸುಪಾಸಿನಲ್ಲಿ, ಲೆಸ್ಬಾಸ್ ದ್ವೀಪದಲ್ಲಿ. ಆ ಕಲ್ಲಿನ ಆಸನಗಳು ಶತಮಾನಗಳಷ್ಟು ಈಚಿನವು, ಬೇರೆ ಊರಿನವು. ಅಳತೆ ಸರಿಯಾಗಿದೆ, ಕಾಲವೂ ಸ್ಥಳವೂ ತಪ್ಪಿವೆ.

ನಾಲ್ಕನೆಯದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅದು 1888ರ ‘ಹೆಲಿಯೊಗಬಾಲಸ್‌ನ ಗುಲಾಬಿಗಳು’. ಹೆಲಿಯೊಗಬಾಲಸ್ ಸುಮಾರು 14ನೆಯ ವಯಸ್ಸಿಗೆ ಚಕ್ರವರ್ತಿಯಾಗಿ ಕ್ರಿಸ್ತಶಕ 218ರಿಂದ 222ರವರೆಗೆ ರೋಮನ್ನು ಆಳಿ, ಕೊಲೆಯಾಗಿ ಹೋದ ಹುಡುಗ. ಔತಣಕ್ಕೆ ಬಂದ ಅತಿಥಿಗಳ ಮೇಲೆ ಮೇಲಿನಿಂದ ಆತ ಹೂಗಳನ್ನು ಸುರಿಸಿದನೆಂದೂ, ಆ ರಾಶಿಯಿಂದ ಮೇಲೇಳಲಾಗದೆ ಕೆಲವರು ಉಸಿರುಕಟ್ಟಿ ಸತ್ತರೆಂದೂ ಒಂದು ಹಳೆಯ ಲ್ಯಾಟಿನ್ ಗ್ರಂಥ ಹೇಳುತ್ತದೆ. ಎರಡು ಮೀಟರಿಗೂ ಹೆಚ್ಚು ಅಗಲದ ಈ ಚಿತ್ರದ ಮುಂದೆ ನಿಂತವರಿಗೆ ಮೊದಲು ಕಾಣುವುದು ಗುಲಾಬಿ ಬಣ್ಣದ ಒಂದು ಅಲೆ. ಎಸಳುಗಳು ಬೀಳುತ್ತಲೇ ಇವೆ. ಸ್ವಲ್ಪ ಹೊತ್ತು ನೋಡಿದ ಮೇಲೆ ಆ ಅಲೆಯ ನಡುವೆ ಮುಖಗಳು, ಕೈಗಳು ಕಾಣುತ್ತವೆ. ಹಿಂದೆ ಎತ್ತರದ ಪೀಠದಲ್ಲಿ ಚಿನ್ನದ ಬಣ್ಣದ ಉಡುಪು ತೊಟ್ಟ ಹುಡುಗ ಒರಗಿಕೊಂಡು ಸುಮ್ಮನೆ ನೋಡುತ್ತಿದ್ದಾನೆ.

ಇದನ್ನು ಬರೆಯುವಾಗ ಲಂಡನ್ನಿನಲ್ಲಿ ಚಳಿಗಾಲ. ಗುಲಾಬಿ ಸಿಗದು. ಫ್ರಾನ್ಸಿನ ದಕ್ಷಿಣ ತೀರದಿಂದ ಪ್ರತಿ ವಾರ ಹೂಗಳನ್ನು ತರಿಸಿಕೊಂಡು, ನಿಜವಾದ ಎಸಳುಗಳನ್ನು ನೋಡಿಕೊಂಡೇ ಒಂದೊಂದನ್ನೂ ಬರೆದ. ಎಂಥ ನಿಷ್ಠೆ! ಆದರೆ ಮೂಲಗ್ರಂಥದಲ್ಲಿ ಹೇಳಿರುವುದು ಗುಲಾಬಿಯಲ್ಲ, ನೇರಿಳೆ ಬಣ್ಣದ ವಯೊಲೆಟ್ ಮೊದಲಾದ ಹೂಗಳು. ಆ ಗ್ರಂಥವೋ ಚಕ್ರವರ್ತಿ ಸತ್ತು ಒಂದು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ ಹುಟ್ಟಿದ್ದು. ಅದರಲ್ಲಿ ಕಟ್ಟುಕಥೆಗಳೇ ತುಂಬಿವೆ ಎಂದು ಇತಿಹಾಸಕಾರರು ಎಚ್ಚರಿಸುತ್ತಾರೆ. ಎಸಳಿನ ಬಗ್ಗೆ ಇಷ್ಟು ಕಾಳಜಿ ವಹಿಸಿದವನು ಕಥೆಯ ಬಗ್ಗೆ ಅಷ್ಟು ವಿಚಾರಿಸಲಿಲ್ಲ. ಈ ಚಿತ್ರವನ್ನು 4,000 ಪೌಂಡು ಕೊಟ್ಟು ಬರೆಸಿದವನು ಜಾನ್ ಏರ್ಡ್. ಮುಂದೆ ಈಜಿಪ್ಟಿನಲ್ಲಿ ನೈಲ್ ನದಿಗೆ 1902ರಲ್ಲಿ ಪೂರ್ಣಗೊಂಡ ಆಸ್ವಾನ್ ಅಣೆಕಟ್ಟನ್ನು ಕಟ್ಟಿದ ಗುತ್ತಿಗೆದಾರ ಇವನೇ.

ಐದನೆಯದು 1894ರ ‘ವಸಂತ’. ಎತ್ತರದ ಅಮೃತಶಿಲೆಯ ಕಟ್ಟಡಗಳ ನಡುವೆ ಹೂಬುಟ್ಟಿ ಹೊತ್ತ ಹುಡುಗಿಯರ ಮೆರವಣಿಗೆ ಮೆಟ್ಟಿಲಿಳಿದು ಬರುತ್ತಿದೆ. ಇದಕ್ಕೆ ಆತ ನಾಲ್ಕು ವರ್ಷ ದುಡಿದ. ಈಗ ಲಾಸ್ ಏಂಜಲಿಸ್‌ನ ಗೆಟ್ಟಿ ಸಂಗ್ರಹಾಲಯದಲ್ಲಿದೆ. ಮೇ ಒಂದರಂದು ಮಕ್ಕಳನ್ನು ಹೊಲಗಳಿಗೆ ಕಳಿಸಿ ಹೂ ಕುಯ್ಯಿಸುವುದು ಇಂಗ್ಲೆಂಡಿನ ಸಂಪ್ರದಾಯ. ಚಿತ್ರಕಾರ ಆ ಇಂಗ್ಲಿಷ್ ಹಬ್ಬವನ್ನೇ ರೋಮಿಗೆ ಸಾಗಿಸಿದ್ದಾನೆ.

ಆಲ್ಮಾ-ಟಾಡೆಮಾ ಒಬ್ಬನೇ ಹೀಗಲ್ಲ. ಎಡ್ವರ್ಡ್ ಪಾಯಿಂಟರ್ 1865ರಲ್ಲಿ ಬರೆದ ‘ಸಾಯುವವರೆಗೂ ನಿಷ್ಠೆ’ ಎಂಬ ಚಿತ್ರ ಲಿವರ್‌ಪೂಲ್‌ನಲ್ಲಿದೆ. ಪಾಂಪೆಯ ಹೆಬ್ಬಾಗಿಲಲ್ಲಿ ಕಾವಲಿನ ಸೈನಿಕನೊಬ್ಬ ಈಟಿ ಹಿಡಿದು ನಿಂತಿದ್ದಾನೆ. ಹಿಂದೆ ಬೆಂಕಿ ಸುರಿಯುತ್ತಿದೆ, ಜನ ಓಡುತ್ತಿದ್ದಾರೆ. ಅವನು ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಬಿಡುಗಡೆಯ ಆಜ್ಞೆ ಬಂದಿಲ್ಲವಲ್ಲ! ಹೆಬ್ಬಾಗಿಲ ಪಕ್ಕದ ಕಾವಲುಗೂಡಿನಲ್ಲಿ ಆಯುಧ ಸಮೇತ ಒಂದು ಅಸ್ಥಿಪಂಜರ ಸಿಕ್ಕಿತ್ತು ಎಂಬ ಪ್ರಸಿದ್ಧ ಕಥೆಯೇ ಈ ಚಿತ್ರಕ್ಕೆ ಆಧಾರ. ಲಿಟನ್ ಬರೆದ ಪಾಂಪೆಯ ಕೊನೆಯ ದಿನಗಳ ಕಾದಂಬರಿ 1834ರಷ್ಟು ಹಿಂದೆಯೇ ಇಂಥ ಕಾವಲುಗಾರನನ್ನು ಓದುಗರಿಗೆ ಪರಿಚಯಿಸಿತ್ತು. ಆಮೇಲೆ ವಿದ್ವಾಂಸರು ಪರೀಕ್ಷಿಸಿ ನೋಡಿದಾಗ ಅದು ಕಾವಲುಗೂಡೇ ಅಲ್ಲ, ಒಂದು ಸಮಾಧಿ ಎಂದು ತಿಳಿಯಿತು. ಆದರೂ ಸಾಮ್ರಾಜ್ಯದ ಸೈನಿಕ ಹೇಗಿರಬೇಕು ಎಂದು ಇಂಗ್ಲಿಷ್ ಹುಡುಗರಿಗೆ ಕಲಿಸಲು ಆ ಚಿತ್ರ ಬಹುಕಾಲ ಬಳಕೆಯಾಯಿತು. ಇಲ್ಲಿ ಚಿತ್ರ ಇತಿಹಾಸವನ್ನು ತೋರಿಸಲಿಲ್ಲ, ಪಾಠವೊಂದನ್ನು ಹೇಳಿತು.

ಮಿತ್ರರೇ, ಈಗ ನಾವು ಮುಖ್ಯವಾದ ಪ್ರಶ್ನೆಗೆ ಬರೋಣ. ಈ ಚಿತ್ರಗಳಲ್ಲಿ ಯಾರು ಇಲ್ಲ?

1909ರಲ್ಲಿ ಆಲ್ಮಾ-ಟಾಡೆಮಾ ‘ಅಚ್ಚುಮೆಚ್ಚಿನ ವಾಡಿಕೆ’ ಎಂಬ ಚಿತ್ರ ಬರೆದ. ಲಂಡನ್ನಿನ ಟೇಟ್ ಸಂಗ್ರಹಾಲಯದಲ್ಲಿ ಈಗಲೂ ಜನ ಇಷ್ಟಪಟ್ಟು ನೋಡುವ ಚಿತ್ರ ಅದು. ಪಾಂಪೆಯ ಸ್ಟೇಬಿಯನ್ ಸ್ನಾನಗೃಹದ ಆಧಾರದ ಮೇಲೆ ರಚಿಸಿದ್ದು. ಕೊಳದಲ್ಲಿ ಇಬ್ಬರು ತರುಣಿಯರು ನೀರೆರಚಾಡುತ್ತಿದ್ದಾರೆ. ಪಾಂಪೆಯಲ್ಲಿ ಉಳಿದಿರುವುದಕ್ಕಿಂತ ಚಿತ್ರದ ಸ್ನಾನಗೃಹ ಬಹಳ ಶ್ರೀಮಂತ, ಎಲ್ಲೆಲ್ಲೂ ಅಮೃತಶಿಲೆ. ನೀರು ಸ್ವಚ್ಛ, ನೆಲ ಸ್ವಚ್ಛ. ಆದರೆ ಆ ನೀರನ್ನು ಕಾಯಿಸಲು ಒಲೆಗೆ ಸೌದೆ ತುಂಬಿದವರು ಯಾರು? ನೆಲ ತೊಳೆದವರು ಯಾರು? ರೋಮಿನ ಆರ್ಥಿಕ ವ್ಯವಸ್ಥೆ ನಿಂತಿದ್ದದ್ದು ಗುಲಾಮರ ಬೆನ್ನಿನ ಮೇಲೆ. ಈ ಚಿತ್ರಗಳಲ್ಲಿ ಅವರು ಬಂದರೂ ಅಂಚಿನಲ್ಲಿ, ತಟ್ಟೆ ಹಿಡಿದು, ಟವೆಲು ಹಿಡಿದು, ಅಂದವಾಗಿ ನಿಂತಿರುತ್ತಾರೆ.

ಅವರ ನಿಜವಾದ ಬದುಕು ಹೇಗಿತ್ತು ಎಂಬುದಕ್ಕೆ ನೆಲವೇ ಒಂದು ಉತ್ತರ ಕೊಟ್ಟಿದೆ. ಪಾಂಪೆಯ ಹೊರವಲಯದ ಚಿವಿಟಾ ಜುಲಿಯಾನಾ ಎಂಬಲ್ಲಿ ಒಂದು ದೊಡ್ಡ ಮನೆಯ ಅವಶೇಷಗಳ ನಡುವೆ ಸಿಕ್ಕ ಕೋಣೆಯ ವಿವರಗಳನ್ನು 2021ರ ನವೆಂಬರಿನಲ್ಲಿ ಪ್ರಕಟಿಸಲಾಯಿತು. ಅದು ಗುಲಾಮರ ಕುಟುಂಬವೊಂದು ಇದ್ದ ಕೋಣೆಯೆಂದು ಪುರಾತತ್ತ್ವಜ್ಞರ ಅಭಿಪ್ರಾಯ. ಸುಮಾರು 16 ಚದರ ಮೀಟರ್ ಜಾಗ. ಎತ್ತರದಲ್ಲಿ ಒಂದು ಸಣ್ಣ ಕಿಂಡಿ. ಮೂರು ಮರದ ಮಂಚಗಳು, ಅವುಗಳಲ್ಲಿ ಎರಡು ಸುಮಾರು 1.7 ಮೀಟರ್ ಉದ್ದ, ಒಂದು 1.4 ಮೀಟರ್. ಆ ಚಿಕ್ಕ ಮಂಚ ಬಹುಶಃ ಮಗುವಿನದು. ಮೂಲೆಯಲ್ಲಿ ಮಣ್ಣಿನ ಜಾಡಿಗಳನ್ನು ಒಟ್ಟಿದ್ದರು. ಅಂದರೆ ಕೋಣೆ ಉಗ್ರಾಣವೂ ಆಗಿತ್ತು. ಆ ಮಂಚಗಳ ಆಕಾರ ತಿಳಿದದ್ದು ಫಿಯೊರೆಲ್ಲಿ 1863ರಲ್ಲಿ ಕಂಡುಹಿಡಿದ ಅದೇ ಪ್ಲಾಸ್ಟರ್ ವಿಧಾನದಿಂದ.

‘ವಸಂತ’ದ ಅಮೃತಶಿಲೆಯ ಮೆಟ್ಟಿಲನ್ನೂ ಈ ಕೋಣೆಯನ್ನೂ ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿ. ಎರಡೂ ರೋಮನ್ ಜಗತ್ತಿನವೇ. ಒಂದನ್ನು ನಾವು ನೂರು ವರ್ಷಗಳಿಂದ ಕಣ್ತುಂಬ ನೋಡುತ್ತಿದ್ದೇವೆ. ಇನ್ನೊಂದನ್ನು ಬರೆಯಬೇಕೆಂದು ಆ ಚಿತ್ರಕಾರರಿಗೆ ತೋಚಲಿಲ್ಲ. ಅದನ್ನು ಕೊಂಡು ಗೋಡೆಗೆ ತೂಗುಹಾಕುವವರೂ ಇರಲಿಲ್ಲ. ಗಣಿ, ಗಿರಣಿ, ಗುತ್ತಿಗೆಗಳಿಂದ ಹಣ ಮಾಡಿದ ಶ್ರೀಮಂತನಿಗೆ ಸಂಜೆ ಮನೆಗೆ ಬಂದಾಗ ಬೇಕಾದದ್ದು ಬಿಸಿಲು, ಹೂವು, ಬಿಡುವು. ತನ್ನ ಗಿರಣಿಯ ಆಳನ್ನು ನೆನಪಿಸುವ ಮುಖ ಅವನಿಗೆ ಬೇಕಿರಲಿಲ್ಲ.

ಇನ್ನೊಂದು ಸಂಗತಿ ನಮಗೆ ಹತ್ತಿರದ್ದು. ಈ ಚಿತ್ರಗಳ ರೋಮ್ ತನ್ನಲ್ಲೇ ಮುಗಿದುಹೋಗುತ್ತದೆ, ಹೊರಜಗತ್ತು ಅದರಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಆದರೆ 1938ರಲ್ಲಿ ಪಾಂಪೆಯ ಮನೆಯೊಂದರಲ್ಲಿ ಭಾರತದಿಂದ ಹೋದ ದಂತದ ಒಂದು ಪುಟ್ಟ ಸ್ತ್ರೀಮೂರ್ತಿ ಸಿಕ್ಕಿತು. ಒಡವೆ ತೊಟ್ಟ ಆ ಮೂರ್ತಿ ಈಗ ನೇಪಲ್ಸ್ ಸಂಗ್ರಹಾಲಯದಲ್ಲಿದೆ. ಅದೇ ವೆಸೂವಿಯಸ್ ಸ್ಫೋಟದಲ್ಲಿ ಮಡಿದ ಹಿರಿಯ ಪ್ಲಿನಿ, ಮೆಣಸು ಮೊದಲಾದ ವಸ್ತುಗಳಿಗಾಗಿ ರೋಮಿನ ಹಣವೆಲ್ಲ ಭಾರತಕ್ಕೆ ಹರಿದುಹೋಗುತ್ತಿದೆ ಎಂದು ತನ್ನ ಗ್ರಂಥದಲ್ಲಿ ದೂರಿದ್ದ. ಹಾಗೆ ಬಂದ ಹಣದಲ್ಲಿ ಕೆಲವು ನಾಣ್ಯಗಳು ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಸಿಕ್ಕಿವೆ. ಆಲ್ಮಾ-ಟಾಡೆಮಾ ಆ ದಂತದ ಮೂರ್ತಿಯನ್ನು ನೋಡಿದ್ದರೆ ಯಾವುದಾದರೊಂದು ಚಿತ್ರದ ಮೂಲೆಯಲ್ಲಿ ಅದನ್ನು ಇಟ್ಟೇ ಇಡುತ್ತಿದ್ದ. ಅದು ಸಿಗುವ ಹೊತ್ತಿಗೆ ಆತ ಸತ್ತು 26 ವರ್ಷವಾಗಿತ್ತು.

ಈತನ ಕೀರ್ತಿಯ ಏರಿಳಿತವೂ ಒಂದು ಪಾಠವೇ. ಬದುಕಿದ್ದಾಗ 1899ರಲ್ಲಿ ‘ಸರ್’ ಪದವಿ, 1905ರಲ್ಲಿ ಆರ್ಡರ್ ಆಫ್ ಮೆರಿಟ್ ಗೌರವ, 1912ರಲ್ಲಿ ತೀರಿಕೊಂಡಾಗ ಸೇಂಟ್ ಪಾಲ್ಸ್ ಮಹಾದೇಗುಲದಲ್ಲಿ ಸಮಾಧಿ ದೊರೆತವು. ವಿಮರ್ಶಕ ಜಾನ್ ರಸ್ಕಿನ್ ಮಾತ್ರ ಆತನನ್ನು ಶತಮಾನದ ಅತಿ ಕೆಟ್ಟ ಚಿತ್ರಕಾರನೆಂದು ಜರೆದಿದ್ದ. ಮೊದಲ ಮಹಾಯುದ್ಧ ಕಳೆದ ಮೇಲೆ ಲೋಕದ ಅಭಿರುಚಿಯೂ ರಸ್ಕಿನ್ನನ ಕಡೆಗೇ ವಾಲಿತು. ನಿಲುವಂಗಿ ತೊಟ್ಟ ಇಂಗ್ಲಿಷರು ಎಂದು ಆ ಚಿತ್ರಗಳನ್ನು ನೋಡಿ ನಕ್ಕರು. ಜಾನ್ ಏರ್ಡ್‌ಗಾಗಿಯೇ ಆತ 1904ರಲ್ಲಿ ಬರೆದ ‘ಮೋಸೆಸ್ ದೊರೆತದ್ದು’ ಎಂಬ ಚಿತ್ರಕ್ಕೆ ಆಗ 5,250 ಪೌಂಡು ಬಂದಿತ್ತು. 1960ರಲ್ಲಿ ಅದನ್ನು ಕೊಳ್ಳುವವರೇ ಇರಲಿಲ್ಲ. ಅದೇ ಚಿತ್ರ 2010ರ ನವೆಂಬರಿನಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 3 ಕೋಟಿ 59 ಲಕ್ಷ ಡಾಲರಿಗೆ ಮಾರಾಟವಾಯಿತು! ಬಟ್ಟೆಯೂ ಬಣ್ಣವೂ ಬದಲಾಗಿರಲಿಲ್ಲ, ನೋಡುವ ಕಣ್ಣು ಬದಲಾಗಿತ್ತು.

ಕಲಾವಿಮರ್ಶಕರು ಮುಖ ತಿರುಗಿಸಿದ್ದ ಕಾಲದಲ್ಲೂ ಈ ಚಿತ್ರಗಳನ್ನು ಮರೆಯದೆ ಇದ್ದವರು ಸಿನಿಮಾದವರು. ಹಾಲಿವುಡ್‌ನ ಸಿಸಿಲ್ ಡಿ ಮಿಲ್ 1934ರ ‘ಕ್ಲಿಯೋಪಾತ್ರ’ ಹಾಗೂ 1956ರ ‘ಟೆನ್ ಕಮಾಂಡ್‌ಮೆಂಟ್ಸ್’ ಚಿತ್ರಗಳಿಗೆ ಆಲ್ಮಾ-ಟಾಡೆಮಾನ ದೃಶ್ಯಗಳನ್ನು ಮುಂದಿಟ್ಟುಕೊಂಡು ರಂಗಸಜ್ಜಿಕೆ ಮಾಡಿಸಿದ. 2000ದಲ್ಲಿ ಬಂದ ‘ಗ್ಲಾಡಿಯೇಟರ್’ ಚಿತ್ರದ ಕಲಾನಿರ್ದೇಶಕರೂ ಅವನನ್ನೇ ಆಶ್ರಯಿಸಿದರು. ಆ ಸಿನಿಮಾಕ್ಕೆ ಮೂಲಪ್ರೇರಣೆ ಕೊಟ್ಟದ್ದು ಫ್ರಾನ್ಸಿನ ಜೆರೋಮ್ 1872ರಲ್ಲಿ ಬರೆದ ಇನ್ನೊಂದು ಚಿತ್ರ. ಸೋತವನನ್ನು ಕೊಲ್ಲು ಎಂದು ಜನ ಹೆಬ್ಬೆರಳನ್ನು ಕೆಳಗೆ ಮಾಡಿ ತೋರಿಸುವ ದೃಶ್ಯ ಅದರಲ್ಲಿದೆ. ಲ್ಯಾಟಿನ್ ಮೂಲದಲ್ಲಿರುವುದು ಹೆಬ್ಬೆರಳು ‘ತಿರುಗಿಸಿ’ ಎಂದಷ್ಟೇ. ಮೇಲಕ್ಕೋ ಕೆಳಕ್ಕೋ ಎಂಬುದನ್ನು ಅದು ಹೇಳುವುದಿಲ್ಲ. ಆದರೂ ಇಂದು ಲೋಕವೆಲ್ಲ ಹೆಬ್ಬೆರಳನ್ನು ಕೆಳಗೆ ಮಾಡಿಯೇ ಬೇಡ ಎನ್ನುತ್ತದೆ. ಒಂದು ಚಿತ್ರದ ಶಕ್ತಿ ಅಷ್ಟು.

ಹಾಗಾದರೆ ಈ ಚಿತ್ರಗಳನ್ನು ಸುಳ್ಳೆಂದು ತಳ್ಳಿಹಾಕೋಣವೇ? ಬೇಡ. ಅಳತೆಪಟ್ಟಿ ಹಿಡಿದು ಪಾಂಪೆಯ ಬೀದಿಗಳಲ್ಲಿ ಅಲೆದ ಆ ಶ್ರಮಕ್ಕೆ ಬೆಲೆಯಿದೆ. ಬರಿ ಯುದ್ಧಗಳ ಪಟ್ಟಿಯಾಗಿದ್ದ ಇತಿಹಾಸದೊಳಗೆ ಸ್ನಾನ, ಸಂಗೀತ, ಹಬ್ಬ, ಅಂಗಡಿಗಳನ್ನು ತಂದದ್ದು ಸಣ್ಣ ಕೆಲಸವಲ್ಲ. ಅಮೃತಶಿಲೆಯ ಮೇಲೆ ಬಿದ್ದ ಬಿಸಿಲನ್ನು ಅವನಂತೆ ಬರೆದವರು ವಿರಳ. ನಾವು ಬಿಡಬೇಕಾದದ್ದು ಒಂದೇ ಭ್ರಮೆಯನ್ನು. ವಿವರಗಳು ಸರಿಯಾಗಿದ್ದ ಮಾತ್ರಕ್ಕೆ ಒಟ್ಟು ಚಿತ್ರ ಸತ್ಯವಾಗಿಬಿಡುತ್ತದೆ ಎಂಬ ಭ್ರಮೆ ಅದು.

ಆದ್ದರಿಂದ ಗತಕಾಲವನ್ನು ತೋರಿಸುವ ಯಾವುದೇ ಚಿತ್ರ, ಸಿನಿಮಾ ಅಥವಾ ದೂರದರ್ಶನದ ಧಾರಾವಾಹಿ ನಿಮ್ಮ ಮುಂದೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ಇದರಲ್ಲಿ ಸಾಕ್ಷ್ಯದಿಂದ ಬಂದದ್ದು ಯಾವುದು, ಕಲ್ಪನೆಯಿಂದ ಬಂದದ್ದು ಯಾವುದು? ಇದನ್ನು ಯಾರು, ಯಾವಾಗ, ಯಾರ ಹಣದಿಂದ, ಯಾರಿಗಾಗಿ ಮಾಡಿದರು? ಇದರಲ್ಲಿ ಇರಬೇಕಾಗಿದ್ದು ಕಾಣದೆ ಹೋದವರು ಯಾರು?

ಈ ಪ್ರಶ್ನೆಗಳು ರೋಮಿಗೆ ಮಾತ್ರ ಮೀಸಲಲ್ಲ. ಆಲ್ಮಾ-ಟಾಡೆಮಾನ ಕಾಲದಲ್ಲೇ ನಮ್ಮ ದೇಶದಲ್ಲಿ ರಾಜಾ ರವಿವರ್ಮ ಯುರೋಪಿನ ತೈಲವರ್ಣದ ರೀತಿಯಲ್ಲಿ ಶಕುಂತಲೆ, ದಮಯಂತಿಯರನ್ನು ಬರೆದ. ಪುರಾಣದ ಸ್ತ್ರೀಯರನ್ನು ನೆನೆದಾಗ ನಮ್ಮ ಕಣ್ಣಿಗೆ ಕಟ್ಟುವ ಸೀರೆ, ಒಡವೆ, ನಿಲುವುಗಳಲ್ಲಿ ಆತನ ಕೈವಾಡ ಎಷ್ಟು, ಪುರಾಣದ್ದೆಷ್ಟು? ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಆತನ ಮೂಲಚಿತ್ರಗಳಿವೆ. ಅವಕಾಶವಾದಾಗ ಹೋಗಿ, ಚಿತ್ರದ ಮುಂದೆ ನಿಂತು, ಮೊದಲು ಅದರ ಅಂದವನ್ನು ನೋಡಿ. ಆಮೇಲೆ ಈ ಮೂರು ಪ್ರಶ್ನೆಗಳನ್ನು ಕೇಳಿ. ನಿಮ್ಮ ಉತ್ತರವನ್ನು ಒಂದು ಪುಟದಲ್ಲಿ ಬರೆದು ನಿಮ್ಮ ಉಪಾಧ್ಯಾಯರಿಗೂ ಗೆಳೆಯರಿಗೂ ತೋರಿಸಿ, ಅವರ ಉತ್ತರದೊಡನೆ ಹೋಲಿಸಿ.